ಡೈಮಂಡ್ ಸೆಲ್‌ನಲ್ಲಿ ಪ್ಯಾರಾಸಿಟಮಾಲ್ ಹರಳು ಮಾಯವಾಗುತ್ತಿದೆ

ಕೋಲಾರದ ವಿದ್ಯಾರ್ಥಿನಿ:
ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಪ್ಯಾರಾಸಿಟಮಾಲ್‌ನ ಒಂಟಿ ಹರಳನ್ನು ಡೈಮಂಡ್ ಆನ್ವಿಲ್ ಸೆಲ್‌ನಲ್ಲಿಟ್ಟು (ಎರಡು ವಜ್ರಗಳ ನಡುವೆ ವಸ್ತುವನ್ನು ಅದುಮುವ ಸಾಧನ), ಒತ್ತಡದಲ್ಲಿ ಎಕ್ಸ್-ರೇ ವಿವರ್ತನೆ, ಅಂದರೆ ಕಿರಣಗಳು ಹರಳಿನಿಂದ ಚದುರಿ ಮೂಡಿಸುವ ಚುಕ್ಕೆಗಳನ್ನು, ದಾಖಲಿಸಬೇಕು. ಹರಳಿನ ಸುತ್ತ ಒತ್ತಡ ಹರಡಲು ಎಲ್ಲರೂ ಹೇಳುವ 4:1 ಮೆಥನಾಲ್–ಎಥನಾಲ್ ಮಿಶ್ರಣವನ್ನೇ ತುಂಬುತ್ತೇನೆ. ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತಡ ಅಳೆಯಲು ಇಟ್ಟ ಮಾಣಿಕ್ಯದ ಚೂರು ಇದೆ, ಹರಳು ಇಲ್ಲ! ಸಿಲಿಕೋನ್ ಎಣ್ಣೆ ಹಾಕಲೇ? ಇನ್ನೊಂದು: ‘ಕೆಜಿಎಫ್ ಗಣಿಯ ತಳಕ್ಕಿಂತ ಹೆಚ್ಚಿನ ಒತ್ತಡವೇ?’ ಎಂದು ಅಪ್ಪ ಕೇಳುತ್ತಿದ್ದಾರೆ.

ತುಮಕೂರಿನ ನಿವೃತ್ತ ಮೇಷ್ಟ್ರು:
ಹರಳು ಎಲ್ಲಿಗೂ ಹೋಗಿಲ್ಲ ತಾಯಿ, ಕರಗಿದೆ. ಉಪ್ಪನ್ನು ನೀರಿಗೆ ಹಾಕಿ ಹುಡುಕಿದಂತಾಯಿತು. ಆ ಮಿಶ್ರಣ ಸುಮಾರು 10 ಗಿಗಾಪಾಸ್ಕಲ್‌ವರೆಗೆ (ಒಂದು ಗಿಗಾಪಾಸ್ಕಲ್ ಎಂದರೆ ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು) ಎಲ್ಲ ದಿಕ್ಕಿನಿಂದಲೂ ಸಮನಾಗಿ ಒತ್ತುತ್ತದೆ, ನಿಜ. ಆದರೆ ಅದು ಖನಿಜಗಳನ್ನು ನೋಡುವವರಿಗೆ ಒಗ್ಗುವ ದ್ರವ. ಪ್ಯಾರಾಸಿಟಮಾಲ್ ಮದ್ಯಸಾರದಲ್ಲಿ ಸಲೀಸಾಗಿ ಕರಗುತ್ತದೆ. ಹರಳು ಯಾವುದೆಂದು ನೋಡದೆ ಹಳೆಯ ಪಾಕವನ್ನೇ ಒಪ್ಪಿಸುವ ಚಾಳಿ ನನಗೆ ಎಂದೂ ಹಿಡಿಸಿಲ್ಲ.

ಪೆಂಟೇನ್–ಐಸೊಪೆಂಟೇನ್ 1:1 ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಹರಳು ಉಳಿಯುತ್ತದೆ, ಒತ್ತಡವನ್ನೂ ಸಾಕಷ್ಟು ಮೇಲಿನವರೆಗೆ ನಂಬಬಹುದು. ತೊಡಕು ಒಂದೇ: ಐಸೊಪೆಂಟೇನ್ 28 ಡಿಗ್ರಿಗೇ ಕುದಿಯುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಸ್ಕ್ರೂ ಬಿಗಿಯುವಷ್ಟರಲ್ಲಿ ಗ್ಯಾಸ್ಕೆಟ್‌ನ (ವಜ್ರಗಳ ನಡುವಿನ ಲೋಹದ ತಗಡಿನ) ರಂಧ್ರ ಒಣಗಿರುತ್ತದೆ. ಸೆಲ್, ಸಿರಿಂಜ್, ದ್ರವ ಮೂರನ್ನೂ ಮಂಜುಗಡ್ಡೆಯ ಪಕ್ಕದಲ್ಲಿ ತಣಿಸಿಕೊಳ್ಳಿ. ಮಾಮೂಲಿ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಒಳಗಿನ ಸ್ವಿಚ್ಚಿನ ಕಿಡಿಗೆ ಆವಿ ಹೊತ್ತಿಕೊಳ್ಳಬಹುದು.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳ. ಮೇಲಿನ ಬಂಡೆಯ ಭಾರವನ್ನೆಲ್ಲ ಲೆಕ್ಕ ಹಾಕಿದರೂ 0.1 ಗಿಗಾಪಾಸ್ಕಲ್ ಆಗುವುದಿಲ್ಲ. ನಿಮ್ಮ ಸೆಲ್‌ನಲ್ಲಿ 1 ದಾಟುವುದು ದೊಡ್ಡ ಮಾತೇ ಅಲ್ಲ ಎಂದು ಅಪ್ಪನವರಿಗೆ ಹೇಳಿ.

ಗೌರಿಬಿದನೂರಿನವರೊಬ್ಬರು:
ಸಿಲಿಕೋನ್ ಎಣ್ಣೆ ಕಡಿಮೆ ಒತ್ತಡಕ್ಕೆ ಸಾಕು. ಆಮೇಲೆ ಗಟ್ಟಿಯಾಗಿ ಹರಳನ್ನು ಒಂದು ಕಡೆಯಿಂದ ಅದುಮುತ್ತದೆ. ಮಾಣಿಕ್ಯದ ಹೊಳಪಿನ ಎರಡು ರೇಖೆಗಳು ಅಗಲವಾಗತೊಡಗಿದರೆ ಒತ್ತಡ ಸಮನಾಗಿಲ್ಲವೆಂದರ್ಥ, ಅಲ್ಲಿಗೆ ನಿಲ್ಲಿಸಿ. ತಾಮ್ರದ ಎಕ್ಸ್-ರೇ ಟ್ಯೂಬ್ ಬೇಡ, ವಜ್ರವೇ ಆ ಕಿರಣಗಳನ್ನು ಬಹಳಷ್ಟು ಹೀರಿಕೊಳ್ಳುತ್ತದೆ. ಮಾಲಿಬ್ಡಿನಮ್ ಅಥವಾ ಬೆಳ್ಳಿಯದು ಇರಲಿ. ಸೆಲ್‌ನ ಉಕ್ಕಿನ ಮೈ ಅರ್ಧಕ್ಕಿಂತ ಹೆಚ್ಚು ಚುಕ್ಕೆಗಳನ್ನು ಮರೆಮಾಡಬಹುದು. ಪ್ಯಾರಾಸಿಟಮಾಲ್‌ನ ಸಾಮಾನ್ಯ ರೂಪ ಮಾನೋಕ್ಲಿನಿಕ್ (ಸಮಮಿತಿ ಕಡಿಮೆ ಇರುವ ಹರಳು) ಆದ್ದರಿಂದ ಈ ಕೊರತೆ ಚೆನ್ನಾಗಿಯೇ ಕಾಡುತ್ತದೆ. ಸಾಧ್ಯವಾದರೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಎರಡು ಹರಳುಗಳನ್ನು ಒಟ್ಟಿಗೇ ಇಡಿ.

ಕೋಲಾರದ ವಿದ್ಯಾರ್ಥಿನಿ:
ಧನ್ಯವಾದ ಸರ್. ಮೆಥನಾಲ್‌ನಲ್ಲಿ ಮೊದಲೇ ಪ್ಯಾರಾಸಿಟಮಾಲ್ ಕರಗಿಸಿ, ಇನ್ನು ಕರಗದಂತೆ ಮಾಡಿಕೊಂಡರೆ ಆಗದೇ?

ತುಮಕೂರಿನ ನಿವೃತ್ತ ಮೇಷ್ಟ್ರು:
ಒತ್ತಡ ಏರಿದಂತೆ ಕರಗುವ ಪ್ರಮಾಣವೂ ಬದಲಾಗುತ್ತದೆ. ಮೆಥನಾಲ್ ದ್ರಾವಣವನ್ನು ಒತ್ತಿದಾಗ ಮೆಥನಾಲನ್ನೂ ಒಳಗೆ ಸೇರಿಸಿಕೊಂಡ ಬೇರೆಯೇ ಹರಳು ಬೆಳೆದದ್ದುಂಟು. ಅದು ಸೊಗಸಾದ ವಿಷಯ, ಆದರೆ ನಿಮ್ಮ ಪ್ರಾಜೆಕ್ಟಿನದಲ್ಲ. ಪೆಂಟೇನ್ ತರಿಸಿಕೊಳ್ಳಿ.