54 ಓರಿಯಾನಿಸ್: ಪಕ್ಕದ ಮಸುಕು ತಾರೆಯನ್ನು ತೂಗಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮಹಾವ್ಯಾಧ ನಕ್ಷತ್ರಪುಂಜದ 54 ಓರಿಯಾನಿಸ್ ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದೇ, ಅದಕ್ಕೊಂದು ಪುಟ್ಟ ಕೆಂಪು ಜೊತೆಗಾರ ತಾರೆಯೂ ಇದೆ ಎಂದು ಓದಿದೆ. ನನ್ನ ಆರು ಇಂಚಿನ ದೂರದರ್ಶಕದಲ್ಲಿ ಎಷ್ಟು ಹೊತ್ತು ನೋಡಿದರೂ ಒಂದೇ ಚುಕ್ಕೆ. ಕನ್ನಡಿ ಸರಿಯಾಗಿ ಕೂತಿಲ್ಲವೇ? ಇನ್ನೊಂದು, ಕಣ್ಣಿಗೇ ಕಾಣದ ತಾರೆಯ ತೂಕ ಸೂರ್ಯನ 15% ಅಂತ ಹೇಗೆ ಹೇಳುತ್ತಾರೆ? ಅದು ನಿಜಕ್ಕೂ ನಕ್ಷತ್ರವೇ, ಇಲ್ಲಾ ದೊಡ್ಡ ಗ್ರಹವೇ?

ಉತ್ತರ: ಕನ್ನಡಿಯನ್ನು ಸುಮ್ನೆ ಬಿಚ್ಚಲು ಹೋಗಬೇಡಿ, ತಪ್ಪು ಅದರದ್ದಲ್ಲ. ಎರಡೂ ತಾರೆಗಳ ನಡುವಿನ ಅಂತರ ನಮಗೆ ಹೆಚ್ಚುಕಡಿಮೆ 0.7 ಆರ್ಕ್ ಸೆಕೆಂಡ್ ಆಗಿ ಕಾಣುತ್ತದೆ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಒಂದು ಆರ್ಕ್ ಸೆಕೆಂಡ್). ಸಮಾನ ಹೊಳಪಿನ ಎರಡು ತಾರೆಗಳಾಗಿದ್ದರೆ ಆರು ಇಂಚಿನ ದೂರದರ್ಶಕ ಅಲ್ಲಿಯವರೆಗೆ ಬರುತ್ತಿತ್ತು. ಇಲ್ಲಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ಇನ್ನೊಂದಕ್ಕಿಂತ ಸಾವಿರಾರು ಪಟ್ಟು ಮಂಕು. ದೊಡ್ಡ ತಾರೆಯ ಬೆಳಕಿನಲ್ಲೇ ಅದು ಮುಳುಗಿಹೋಗುತ್ತದೆ.

ತೂಕದ ಪ್ರಶ್ನೆ ನನಗೆ ಬಹಳ ಇಷ್ಟ. ಜೋಡಿ ತಾರೆಗಳ ಕೆಲಸದಲ್ಲಿ ಇರುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಹೊಳಪು ನೋಡಿ ತೂಕ ಹೇಳಿದರೆ ಅದು ಅಂದಾಜು. ಚಲನೆ ನೋಡಿ ಹೇಳಿದರೆ ಅದು ಅಳತೆ.

ಚಿಕ್ಕ ತಾರೆ ದೊಡ್ಡದನ್ನು ಸುತ್ತುತ್ತದೆ ಅನ್ನುತ್ತೇವಲ್ಲ, ಅದು ಅರ್ಧ ಮಾತು. ಎರಡೂ ಸೇರಿ ನಡುವಿನ ಒಂದು ಬಿಂದುವನ್ನು ಸುತ್ತುತ್ತವೆ. ಹಾಗಾಗಿ ದೊಡ್ಡ ತಾರೆ ಆಕಾಶದಲ್ಲಿ ನೇರ ಗೆರೆಯಲ್ಲಿ ಸಾಗದೆ ಸ್ವಲ್ಪ ಆಚೀಚೆ ವಾಲುತ್ತಾ ಹೋಗುತ್ತದೆ. ಸಿರಿಯಸ್ (ಲುಬ್ಧಕ) ಹೀಗೆ ವಾಲುವುದನ್ನು ನೋಡಿ, ಅದಕ್ಕೊಂದು ಕಾಣದ ಜೊತೆಗಾರ ಇರಲೇಬೇಕು ಎಂದು ಜರ್ಮನ್ ಖಗೋಳಜ್ಞ ಬೆಸೆಲ್ 1844ರಲ್ಲೇ ಹೇಳಿದ್ದರು. 1862ರಲ್ಲಿ ಅಮೆರಿಕದ ದೂರದರ್ಶಕ ತಯಾರಕ ಆಲ್ವನ್ ಗ್ರಹಾಂ ಕ್ಲಾರ್ಕ್ ಕಣ್ಣಿಗೆ ಅದು ಬಿತ್ತು.

54 ಓರಿಯಾನಿಸ್ ಕಥೆಯೂ ಇದೇ ದಾರಿಯದು. ವರ್ಷಗಟ್ಟಲೆ ತೆಗೆದ ಫೋಟೋ ಪ್ಲೇಟ್‌ಗಳನ್ನು ಅಳೆದವರಿಗೆ 1970ರ ದಶಕದಲ್ಲೇ ಅದರ ವಾಲಾಟ ಸಿಕ್ಕಿತ್ತು. ಒಂದು ಸುತ್ತಿಗೆ ಸುಮಾರು 14 ವರ್ಷ. ಈ ಸುತ್ತಿನ ಅಗಲದ ಅರ್ಧ ಅಂದರೆ ಸುಮಾರು 0.09 ಆರ್ಕ್ ಸೆಕೆಂಡ್. ಒಂದು ಅಂಗಿ ಗುಂಡಿಯನ್ನು 20 ಕಿಲೋಮೀಟರ್ ಆಚೆ ಹಿಡಿದರೆ ಎಷ್ಟು ಕಾಣಬಹುದೋ ಹೆಚ್ಚುಕಡಿಮೆ ಅಷ್ಟು! ಆ ಕಾಲದ ಗಾಜಿನ ಪ್ಲೇಟ್‌ಗಳಲ್ಲಿ ಇದನ್ನು ಹಿಡಿದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆದರೆ ವಾಲಾಟ ಒಂದರಿಂದಲೇ ಪೂರ್ತಿ ಲೆಕ್ಕ ಸಿಗುವುದಿಲ್ಲ. ದೊಡ್ಡ ತಾರೆಯ ತೂಕ ಇಷ್ಟಿರಬಹುದು ಎಂದು ಮೊದಲು ಇಟ್ಟುಕೊಂಡೇ ಚಿಕ್ಕದರ ತೂಕಕ್ಕೆ ಬರಬೇಕು. ಇಬ್ಬರನ್ನೂ ಬೇರೆ ಬೇರೆಯಾಗಿ ತೂಗಬೇಕೆಂದರೆ ಚಿಕ್ಕದು ಎಲ್ಲಿದೆ ಎಂದು ಕಾಣಲೇಬೇಕು. ಅದು ಸಿಕ್ಕಿದ್ದು ಹವಾಯಿಯ ಕೆಕ್ ದೂರದರ್ಶಕದಲ್ಲಿ. ಫಲಿತಾಂಶ ಪ್ರಕಟವಾಗಿದ್ದು 2002ರಲ್ಲಿ. ಗಾಳಿಯ ನಡುಕವನ್ನು ಆಗಿಂದಾಗಲೇ ಸರಿಪಡಿಸುವ ಕನ್ನಡಿ ಅಲ್ಲಿತ್ತು. ನೋಡಿದ್ದು ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ. ತಣ್ಣನೆಯ ಕೆಂಪು ತಾರೆ ಹೆಚ್ಚು ಬೆಳಕು ಚೆಲ್ಲುವುದೇ ಅಲ್ಲಿ, ಹಾಗಾಗಿ ಹೊಳಪಿನ ಅಂತರ ಬಹಳ ಇಳಿಯುತ್ತದೆ.

ಈಗ ಲೆಕ್ಕ ಸುಲಭ. ತಾರೆಗಳ ನಡುವಿನ ಸರಾಸರಿ ದೂರ, ಭೂಮಿ–ಸೂರ್ಯರ ದೂರದ ಸುಮಾರು 6 ಪಟ್ಟು. ನಡುವಿನ ಬಿಂದುವಿನಿಂದ ಅಳೆದರೆ ಈ 6 ಪಟ್ಟಿನಲ್ಲಿ ದೊಡ್ಡ ತಾರೆಯ ಪಾಲು 0.8 ಪಟ್ಟು, ಉಳಿದದ್ದು ಚಿಕ್ಕದರದ್ದು. ಯಾವುದು ಕಡಿಮೆ ಅಲುಗುತ್ತದೋ ಅದು ಅಷ್ಟು ಪಟ್ಟು ಭಾರ. ದೂರ ಮತ್ತು 14 ವರ್ಷದ ಅವಧಿಯಿಂದ ಒಟ್ಟು ತೂಕ ಬರುತ್ತದೆ. ಹಂಚಿ ನೋಡಿದರೆ ದೊಡ್ಡದಕ್ಕೆ ಸೂರ್ಯನಷ್ಟು, ಚಿಕ್ಕದಕ್ಕೆ ಅದರ 0.15.

ಗ್ರಹವೇ ಎಂದು ಕೇಳಿದ್ದಿರಿ. ಅಲ್ಲ. 0.15 ಸೂರ್ಯ ಅಂದರೆ ಸುಮಾರು 157 ಗುರುಗ್ರಹಗಳ ತೂಕ. ಒಡಲಲ್ಲಿ ಹೈಡ್ರೋಜನ್ ಉರಿಯಲು 80 ಗುರುಗ್ರಹದ ಆಸುಪಾಸು ಸಾಕು. ಇದು ಗಡಿ ದಾಟಿದ ಅಪ್ಪಟ ನಕ್ಷತ್ರ, ಕೆಂಪು ಕುಬ್ಜ. ದೊಡ್ಡ ತಾರೆ ಮುಗಿದುಹೋದ ಮೇಲೂ ಇದು ಲಕ್ಷಾಂತರ ಕೋಟಿ ವರ್ಷ ಹೀಗೇ ಉರಿಯುತ್ತಿರುತ್ತದೆ.

ಪ್ರಶ್ನೆ (ಇನ್ನೊಬ್ಬರಿಂದ): ಮಧ್ಯೆ ಬಾಯಿ ಹಾಕುತ್ತಿದ್ದೇನೆ ಸರ್. ಅಲ್ಲಿ ಭೂಮಿಯಂಥ ಗ್ರಹ ಇರಲು ಸಾಧ್ಯವೇ? ಇದ್ದರೆ ಆಕಾಶದಲ್ಲಿ ಎರಡು ಸೂರ್ಯ ಕಾಣುತ್ತವಾ?

ಉತ್ತರ: ಜಾಗ ಇದೆ, ಆದರೆ ಇಕ್ಕಟ್ಟು. ಕಕ್ಷೆ ದುಂಡಗಿಲ್ಲ, ಚೆನ್ನಾಗಿ ಉದ್ದ. ಚಿಕ್ಕ ತಾರೆ ಒಮ್ಮೆ ಭೂಮಿ–ಸೂರ್ಯ ದೂರದ 3.4 ಪಟ್ಟಿನಷ್ಟು ಹತ್ತಿರ ಬರುತ್ತದೆ, ಇನ್ನೊಮ್ಮೆ 9 ಪಟ್ಟು ದೂರ ಹೋಗುತ್ತದೆ. ಈ ಎಳೆದಾಟದಲ್ಲಿ ಭೂಮಿಯಷ್ಟು ದೂರದ ಗ್ರಹ ಹೇಗೋ ಉಳಿದುಕೊಳ್ಳಬಹುದು. ಮಂಗಳದಷ್ಟು ದೂರದ್ದು ಬಾಳುವುದು ಕಷ್ಟ.

ಎರಡನೇ ಸೂರ್ಯ ಅನ್ನುವಂತೆ ಮಾತ್ರ ಇರದು. ಸರಿಸುಮಾರು ನಮ್ಮ ಹುಣ್ಣಿಮೆ ಚಂದ್ರನಷ್ಟು ಬೆಳಕು, ಅದೂ ಒಂದೇ ಕೆಂಪು ಚುಕ್ಕೆಯಿಂದ. ಅದರ ಬಿಲ್ಲೆಯ ಗಾತ್ರ ಬರಿಗಣ್ಣಿಗೆ ಸಿಗುವುದು ಅನುಮಾನ. ವರ್ಷದಲ್ಲಿ ಕೆಲವು ತಿಂಗಳು ಅದು ಹಗಲಲ್ಲೂ ಕಾಣುತ್ತದೆ. ನನಗೆ ಎರಡು ಸೂರ್ಯಗಳಿಗಿಂತ ಈ ಚಿತ್ರವೇ ಜಾಸ್ತಿ ಸೊಗಸು ಅನಿಸುತ್ತದೆ.

ಇನ್ನೊಂದು ಮಾತು. ಈ ಜೋಡಿ ಇನ್ನೂ ಎಳೆಯದು, ವಯಸ್ಸು ಕೆಲವು ಹತ್ತು ಕೋಟಿ ವರ್ಷ ಅಷ್ಟೇ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ. ಸಪ್ತರ್ಷಿಯ ಏಳು ತಾರೆಗಳಲ್ಲಿ ಐದು ಒಟ್ಟಿಗೇ ಸಾಗುತ್ತಿವೆಯಲ್ಲ, ಇದನ್ನೂ ಆ ಬಳಗಕ್ಕೇ ಸೇರಿಸುತ್ತಾರೆ.

ಪ್ರಶ್ನೆ (ಮೊದಲಿನವರು): ತುಂಬಾ ಧನ್ಯವಾದ ಸರ್. ನಾನು ನೋಡುತ್ತಿರುವುದು ಸರಿಯಾದ ತಾರೆಯನ್ನೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮಹಾವ್ಯಾಧದ ಕೆಂಪು ತಾರೆ ಆರ್ದ್ರಾದಿಂದ (ಬೀಟಲ್‌ಜ್ಯೂಸ್) ನೇರ ಉತ್ತರಕ್ಕೆ 13 ಡಿಗ್ರಿ ಹೋಗಿ, ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಬೈನಾಕ್ಯುಲರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಹೊಳಪಿನ ಎರಡು ತಾರೆ, 2 ಡಿಗ್ರಿ ಅಂತರದಲ್ಲಿ ಒಟ್ಟಿಗೇ ಸಿಗುತ್ತವೆ. ಪಶ್ಚಿಮದ್ದು ನಿಮ್ಮ 54, ದೂರ 28 ಜ್ಯೋತಿರ್ವರ್ಷ. ಪೂರ್ವದ್ದು 62 ಓರಿಯಾನಿಸ್. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ: ಸಾವಿರಾರು ಜ್ಯೋತಿರ್ವರ್ಷ ಆಚೆ ಇರುವ ನೀಲಿ ಮಹಾದೈತ್ಯ.