ಪದಚರ್ಚೆ: ‘ಲೈಫ್‌ಸ್ಟೈಲ್ ಚೇಂಜ್’ಗೆ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಕಲಬುರಗಿಯಿಂದ:
ನಮಸ್ಕಾರ. ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಮರಳಿದವರಿಗಾಗಿ ಇರುವ ಒಂದು ಮೊಬೈಲ್ ಆ್ಯಪನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುಳಿಗೆಯ ಹೊತ್ತಿಗೆ ಸದ್ದು ಮಾಡುತ್ತದೆ, ಹೆಜ್ಜೆ ಎಣಿಸುತ್ತದೆ, ಬಿಪಿ ಬರೆದಿಡಬಹುದು. ಮೊದಲ ಪರದೆಯ ಮೇಲೆ ‘ಲೈಫ್‌ಸ್ಟೈಲ್ ಚೇಂಜ್’ ಎಂದಿದೆ. ‘ಜೀವನಶೈಲಿ ಬದಲಾವಣೆ’ ಎಂದು ಹಾಕಿ ಆಳಂದ ಕಡೆಯ ಹಿರಿಯರೊಬ್ಬರಿಗೆ ತೋರಿಸಿದೆ. “ಶೈಲಿ ಅಂದ್ರ ಅದು ಪ್ಯಾಟಿ ಮಂದಿದು. ನಂದೇನದ ಅದ್ರಾಗ?” ಎಂದರು. ಅವರು ಹೇಳಿದ್ದು ಸರಿ ಅನ್ನಿಸಿತು. ಪರದೆ ಸಣ್ಣದು, ಎರಡು ಪದಕ್ಕಿಂತ ಜಾಸ್ತಿ ಹಿಡಿಯಲ್ಲ.

ಬೀದರ್‌ನಿಂದ:
‘ಜೀವನಶೈಲಿ’ ಬೇಡ. ‘ಹೃದಯಾಘಾತ’ ಎಂದು ಬರೆದಿದ್ದರೆ ಅದನ್ನೂ ತೆಗೆಯಿರಿ. ‘ಗುಂಡಿಗೆ’ ಎಂಬ ಅಚ್ಚಗನ್ನಡ ಪದ ಇರುವಾಗ ಸಂಸ್ಕೃತ ಯಾಕೆ? ‘ಗುಂಡಿಗೆಪೆಟ್ಟು’, ‘ಬಾಳ್ಬಗೆ ಮಾರ್ಪು’. ‘ಬದಲು’ ಕೂಡ ಅರಬ್ಬಿಯಿಂದ ಬಂದದ್ದು, ಅದೂ ಬೇಡ.

ಕಲಬುರಗಿಯಿಂದ:
ಸರ್, ಆ್ಯಪಿನಲ್ಲಿ ಗುಂಡಿ ಎಂದರೆ ಒತ್ತುವ ಬಟನ್. “ಗುಂಡಿಗೆ ನೋವಾದರೆ ಕೆಂಪು ಗುಂಡಿ ಒತ್ತಿ” ಎಂದು ಬರೆದರೆ, ಎದೆ ಹಿಡಿದುಕೊಂಡು ಕೂತವರು ಏನೆಂದು ಓದಿಕೊಳ್ಳಬೇಕು? ಚತುರ್ಥಿ ವಿಭಕ್ತಿ ಅಡ್ಡ ಬರುತ್ತದೆ, ಬಟನ್ನಿನ ‘ಗುಂಡಿ’ಗೆ ‘-ಗೆ’ ಸೇರಿದರೂ ‘ಗುಂಡಿಗೆ’ಯೇ. ಅಲ್ಲಿ ‘ಎದೆನೋವು’ ಇಟ್ಟಿದ್ದೇನೆ. ‘ಹೃದಯಾಘಾತ’ ತೆಗೆಯಲ್ಲ. ರಕ್ತನಾಳ ಕಟ್ಟಿ ಹೃದಯದ ಸ್ನಾಯುವಿಗೆ ರಕ್ತ ಸಿಗದಿದ್ದರೆ ಹೃದಯಾಘಾತ, ಬಡಿತವೇ ನಿಂತರೆ ಹೃದಯ ಸ್ತಂಭನ. ಪತ್ರಿಕೆಗಳು ಈ ಎರಡನ್ನೂ ಒಂದೇ ಮಾಡುತ್ತವೆ. ‘ಪೆಟ್ಟು’ ಎಂದರೆ ಹೊರಗಿನಿಂದ ಬಿದ್ದ ಏಟು, ಅದು ಇನ್ನೂ ದೂರ.

ಯಾದಗಿರಿಯಿಂದ:
‘ಪಥ್ಯ’ ಎನ್ನಿ, ಸಾಕು. ಮೂಲ ‘ಪಥ’. ದಾರಿಗೆ ಒಪ್ಪುವಂಥದು ಪಥ್ಯ. ಬರೀ ಊಟವಲ್ಲ, ನಡಿಗೆಯೂ ನಿದ್ದೆಯೂ ಅದರೊಳಗೆ ಬಂತು. ಇಲ್ಲವೇ ‘ಪರೇಜ್’ ಎನ್ನಿ, ಆಗದ್ದನ್ನು ಬಿಟ್ಟಿರುವುದು ಎಂದು. ಫಾರಸಿಯದು, ಆದರೆ ನಮ್ಮ ದವಾಖಾನೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ‘ಮಾರ್ಪು’ ಯಾರಿಗೂ ತಿಳಿಯಲ್ಲ.

ಬೀದರ್‌ನಿಂದ:
ಬಾಯಲ್ಲಿ ಇದ್ದದ್ದೆಲ್ಲ ಬರೆಯುವುದಾದರೆ ಚರ್ಚೆ ಯಾಕೆ? ನಿಮ್ಮ ಪಕ್ಕದ ಮಳಖೇಡದಲ್ಲೇ 9ನೇ ಶತಮಾನದಲ್ಲಿ ಕವಿರಾಜಮಾರ್ಗ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಮಾಸ, ಕೂಡದು ಎಂದಿತು. ಅದೇ ನೆಲದಲ್ಲಿ ಕೂತು ಬೆರಕೆ ಮಾಡುತ್ತೀರಿ.

ಯಾದಗಿರಿಯಿಂದ:
ಅದು ಸಮಾಸದ ನಿಯಮ. ಪದ ಕಡ ತರಬಾರದು ಎಂಬ ನಿಯಮ ಅಲ್ಲ. ಎರಡನ್ನೂ ಕಲಸಬೇಡಿ. ಅಷ್ಟು ಕಟ್ಟುನಿಟ್ಟಾದರೆ ‘ಮಳೆಗಾಲ’ ಎನ್ನುವುದನ್ನೂ ಬಿಡಬೇಕಾಗುತ್ತದೆ, ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು.

ಕಲಬುರಗಿಯಿಂದ:
ಈ ಜಗಳವನ್ನು ಇನ್ನೊಂದು ದಿನ ಮಾಡೋಣ. ‘ಪಥ್ಯ’ದ ಮೂಲಾರ್ಥ ನನಗೂ ಇಷ್ಟ, ಆದರೆ ಬಳಕೆಯಲ್ಲಿ ಪಥ್ಯಕ್ಕೆ ಕೊನೆ ಇದೆ. ಕಾಮಾಲೆ ಇಳಿಯಿತು, ಪಥ್ಯ ಮುಗಿಯಿತು ಎನ್ನುತ್ತೇವೆ. ನಮ್ಮಪ್ಪಗೆ ಸ್ಟೆಂಟ್ ಹಾಕಿದಾಗ ಎಲ್ಲರೂ ‘ಪಥ್ಯ ಮಾಡಿ’ ಎಂದೇ ಹೇಳಿದ್ದೆವು. ಮೂರು ತಿಂಗಳು ಅಚ್ಚುಕಟ್ಟಾಗಿ ಮಾಡಿದರು. ಆಮೇಲೆ “ಪಥ್ಯ ತೀರಿತು” ಎಂದು ಗುಳಿಗೆ ನಿಲ್ಲಿಸಿದರು, ತಂಬಾಕಿನ ಚೀಟಿ ಮತ್ತೆ ಜೇಬಿಗೆ ಬಂತು. ಎರಡನೇ ಸಲ ಎದೆನೋವು ಬಂದಾಗಲೇ ನಮಗೆ ತಿಳಿದದ್ದು. ಅವರು ನಮ್ಮ ಮಾತು ಮೀರಿರಲಿಲ್ಲ. ಆ ಪದ ಹೇಳಿದಷ್ಟನ್ನೇ ಮಾಡಿದ್ದರು. ‘ಪರೇಜ್’ ಬರೀ ಬಿಡುವುದನ್ನು ಹೇಳುತ್ತದೆ. ದಿನಾ ಅರ್ಧ ಗಂಟೆ ನಡೆಯಿರಿ ಎನ್ನುವುದು ಅದರಲ್ಲಿ ಹಿಡಿಯಲ್ಲ.

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ಸಿಡ್ನಿಯಲ್ಲಿ 710 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ 6 ತಿಂಗಳು, ವಾರಕ್ಕೆ 4 ಎಸ್ಸೆಮ್ಮೆಸ್ ಕಳಿಸಿದರು. ಕೊನೆಗೆ ನೋಡಿದರೆ ಸಂದೇಶ ಬಂದವರಲ್ಲಿ ಸಿಗರೇಟು ಸೇದುವವರು 26%, ಬರದವರಲ್ಲಿ 43%. ಕೊಲೆಸ್ಟ್ರಾಲ್, ಬಿಪಿ ಕೂಡ ಇಳಿದಿದ್ದವು. ವಾರಕ್ಕೆ ನಾಲ್ಕೇ ಸಂದೇಶ! ಹಾಗಾಗಿ ಆ್ಯಪಿನ ಸಾಲುಗಳು ಮನೆಯವರು ಹೇಳಿದ ಹಾಗೆ ಇರಬೇಕು, ಅಲ್ವಾ?

ನಾನು ‘ಹೊಸ ರೂಢಿ’ ಎಂದು ಹಾಕುತ್ತಿದ್ದೇನೆ. ರೂಢಿಯೂ ಸಂಸ್ಕೃತದ್ದೇ, ಗೊತ್ತು. ‘ರುಹ್’ ಧಾತು, ಬೆಳೆದು ಬಂದದ್ದು ಎಂಬ ಅರ್ಥ. ಆದರೆ ನಮ್ಮಲ್ಲಿ ರೂಢಿ ಮಾಡಿಕೊಳ್ಳಬಹುದು, ರೂಢಿ ತಪ್ಪಿಸಬಹುದು, ರೂಢಿ ಬೀಳುತ್ತದೆ. ಅದಕ್ಕೆ ಮುಗಿಯುವ ದಿನ ಇಲ್ಲ.

‘ರಿಮೈಂಡರ್’ಗೆ ‘ನೆನಪೋಲೆ’ ಬೇಡ ಎಂದುಕೊಂಡೆ. ಕಚೇರಿಯಿಂದ ಬಂದ ಕಾಗದದ ಹಾಗೆ ಕೇಳುತ್ತದೆ. ‘ಗುಳಿಗೆ ಹೊತ್ತು’ ಎಂದಿದ್ದೇನೆ. ಕೇಳಿದ ಕೂಡಲೇ ಕೈ ನೀರಿನ ಚೆಂಬಿಗೆ ಹೋಗುತ್ತದೆ. ‘ತಂಬಾಕು’ ಹಾಗೇ ಇರಲಿ. ‘ಹೊಗೆಸೊಪ್ಪು’ ಒಳ್ಳೆಯ ಪದ, ಆದರೆ ಅಂಗಡಿಯಲ್ಲಿ ಇಲ್ಲಿಯವರು ಕೇಳುವುದು ತಂಬಾಕನ್ನೇ.

ಬೀದರ್ ಸರ್, ಒಂದು ಮಾತ್ರ ನಿಮ್ಮಿಂದಲೇ ತಿಳಿಯಬೇಕು. ಔರಾದ್, ಭಾಲ್ಕಿ ಕಡೆ ‘ರೂಢಿ’ ಎಂದರೆ ಬರೀ ಚಟ ಎಂದು ಕೇಳುತ್ತದಾ? ಹಾಗಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ, ಬದಲಿಸುತ್ತೇನೆ.