ಸಹಾಯ ಬೇಕು: ಕ್ಯಾಡ್‌ಫೆಲ್ ಸರಣಿಯ 3ನೇ ಪುಸ್ತಕ ಯಾರ ಹತ್ರ ಐತ್ರೀ?

ನಮಸ್ಕಾರ್ರೀ ಎಲ್ಲಾರಿಗೂ. ಎಲಿಸ್ ಪೀಟರ್ಸ್ ಬರೆದ ಬ್ರದರ್ ಕ್ಯಾಡ್‌ಫೆಲ್ ಪತ್ತೇದಾರಿ ಕಾದಂಬರಿ ಓದಿದವ್ರು ಈ ಗ್ರೂಪ್‌ನ್ಯಾಗ ಇದ್ದೀರೇನ್ರೀ? 1977ರಿಂದ 1994ರ ತನಕ ಬಂದ 20 ಕಾದಂಬರಿ. ಧಾರವಾಡದಾಗ ಜಿಟಿಜಿಟಿ ಮಳಿ ಹಿಡೀತಂದ್ರ ನಾ ಮತ್ತ ಮೊದಲಿಂದ ಶುರು ಮಾಡ್ತೀನಿ. ಕೊಲೆಗಾರ ಯಾರಂತ ಬಾಯಿಪಾಠ ಆಗೇತಿ, ಆದ್ರೂ. 12ನೇ ಶತಮಾನದ ಇಂಗ್ಲೆಂಡ್, ಗಾದಿಗಾಗಿ ಅಂತರ್ಯುದ್ಧ, ನಡುವ ಶ್ರೂಸ್‌ಬರಿ ಮಠದಾಗ ಗಿಡಮೂಲಿಕಿ ಬೆಳೆಸ್ಕೊಂತ ಇರೋ ವಯಸ್ಸಾದ ಸನ್ಯಾಸಿ ಕ್ಯಾಡ್‌ಫೆಲ್. ಅಂವನ ಔಷಧದ ಗುಡಿಸಲು ನನಗ ತವರುಮನಿ ಇದ್ಹಂಗ.

ಈ ಸಲ 3ನೇದು, ‘ಮಾಂಕ್ಸ್‌ಹುಡ್’, ಕಪಾಟಿನಾಗ ಇಲ್ಲ. ಯಾರಿಗೋ ಕೊಟ್ಟೆ, ತಿರುಗಿ ಬರ್ಲಿಲ್ಲ. (ಯಾರಿಗೆ ಅಂತ ಗೊತ್ತೈತಿ, ಕೇಳಾಕ ಸಂಕೋಚ.) ಕೀಲುನೋವಿಗಂತ ಕ್ಯಾಡ್‌ಫೆಲ್ ಮಾಡಿಟ್ಟ ವತ್ಸನಾಭಿ ಅನ್ನೋ ವಿಷದ ಗಿಡದ ಎಣ್ಣಿನೇ ಒಬ್ಬನ ಊಟದಾಗ ಸೇರೋ ಕಥಿ. ಅದನ್ನ ಬಿಟ್ಟು 4ನೇದಕ್ಕ ಹೋಗಾಕ ಮನಸ್ಸು ಬರವಲ್ದು. ಸುಭಾಸ ರಸ್ತೆ ಸುತ್ತಿ ಬಂದೆ, ಸಿಗಲಿಲ್ಲ. ಹುಬ್ಬಳ್ಳಿ-ಗದಗ ಕಡೆ ಯಾರ ಹತ್ರನಾರ ಇದ್ರ 15 ದಿನಕ್ಕ ಕೊಡ್ರಿ, ರಟ್ಟು ಹಾಕಿ ವಾಪಸ್ ಕೊಡ್ತೀನಿ. ಹಳೇದಾದ್ರೂ ಕೊಂಡ್ಕೋತೀನಿ. ಪಿಡಿಎಫ್ ಮಾತ್ರ ಬ್ಯಾಡ್ರಿ.

ಹಂಗ, ನಮ್ಮ ಚಾಲುಕ್ಯರ ಕಾಲದ ಲಕ್ಕುಂಡಿ ಕಡೆ ನಡಿಯೋ ಇಂಥ ಪತ್ತೇದಾರಿ ಕನ್ನಡದಾಗ ಇದ್ರ ಹೆಸರು ಹೇಳ್ರಿ.